ಐದು ಏಳು ಸೊನ್ನೆ ನಾಲ್ಕು

ಮನುಷ್ಯರ ಹತ್ತಿರ ಮೇಸ್ತ್ರಿಯ ಮಾತು ಹೂಂ, ಉಹೂಂ ಅಷ್ಟೇ. ಕೆಟ್ಟು ನಿಂತ ಇಂಜಿನ್ ಕಂಡರೆ ಮಾತ್ರ ಬಾಯಿಗೆ ಬೀಗವಿಲ್ಲ. ಬಾನೆಟ್ ಎತ್ತಿದನೋ, ಶುರು: "ಏನಮ್ಮಾ, ಏನಾಯ್ತು? ಯಾರು ಏನಂದ್ರು? ಉಸಿರು ಕಟ್ತಾ ಇದೆಯಾ? ಇರು, ನೋಡ್ತೀನಿ." ಬೋಲ್ಟ್ ಹಟ ಹಿಡಿದರೆ ಬೈಗುಳ, ಸಡಿಲವಾದರೆ ಶಹಭಾಸ್‌ಗಿರಿ, ಕೊನೆಗೆ ಯಾವ ಇಂಜಿನ್ನಿಗೂ ತಪ್ಪದ ಒಂದು ಮಾತು: "ಬೇಗ ಬಾರಮ್ಮಾ, ಮನೇಲಿ ಅಕ್ಕ ಊಟಕ್ಕೆ ಕಾಯ್ತಾ ಇರ್ತಾಳೆ." ನಗರಸಭೆಯ ವರ್ಕ್‌ಶಾಪಿನಲ್ಲಿ ನಲವತ್ತೊಂದು ವರ್ಷ ನೀರಿನ ಲಾರಿ, ಕಸದ ಲಾರಿ, ರೋಡ್ ರೋಲರ್ ಎಲ್ಲವೂ ಈ ಮಾತು ಕೇಳಿಯೇ ಎದ್ದು ಓಡಾಡಿದವು. ಜೊತೆಯವರು ಅವನಿಗೆ ಗೊಣಗಪ್ಪ ಎಂದು ಹೆಸರಿಟ್ಟಿದ್ದರು. ಅಕ್ಕ ಮಾತ್ರ ಅವನಿಗೆ ಅರವತ್ತೊಂದಾದರೂ "ಪುಟ್ಟ" ಎಂದೇ ಕರೆಯುತ್ತಾಳೆ.

ಅವನಿಗೆ ಒಂಬತ್ತು ತುಂಬುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಒಂದೇ ಜ್ವರದಲ್ಲಿ ಹೋದರು. ಆಗ ತಾನೇ ಮದುವೆಯಾಗಿದ್ದ ಅಕ್ಕ ತಮ್ಮನ ಕೈಹಿಡಿದು ಗಂಡನ ಮನೆಗೆ ಕರೆತಂದಳು. ಬೇರೆಯವರಾಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಭಾವ ಮಂಚದ ಕೆಳಗಿದ್ದ ಪುಸ್ತಕದ ಕಂತೆಗಳನ್ನು ಎಳೆದು ಹುಡುಗನ ಪೆಟ್ಟಿಗೆಗೆ ಜಾಗ ಮಾಡಿಕೊಟ್ಟರು. ಅವರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಸದಾ ಕಿವಿಯ ಮೇಲೊಂದು ಕೆಂಪು ಪೆನ್ಸಿಲ್. ಕಿರಾಣಿ ಅಂಗಡಿಯ ಪೊಟ್ಟಣದಲ್ಲಿ ತಪ್ಪು ಕಂಡರೂ ತಿದ್ದದೆ ಬಿಡುತ್ತಿರಲಿಲ್ಲ. ಹುಡುಗನಿಗೆ ಓದು ತಲೆಗೆ ಹತ್ತಲಿಲ್ಲವೆಂದು ಗೊತ್ತಾದಾಗ ಗದರಲಿಲ್ಲ, ತಾವೇ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಹದಿನೇಳನೇ ವಯಸ್ಸಿಗೆ ಕೆಲಸ ಕಲಿಯಲು ಸೇರಿಸಿದರು. ಒಮ್ಮೆ ಮನೆಯ ಹಿಂದೆ ಅವನು ಪಕ್ಕದವರ ನೀರೆತ್ತುವ ಮೋಟರಿನ ಜೊತೆ ಮಾತಾಡುತ್ತಿದ್ದುದನ್ನು ಕೇಳಿ ಬಾಗಿಲಲ್ಲಿ ನಿಂತು ನಕ್ಕಿದ್ದರು.

"ಅದಕ್ಕೆ ಕಿವಿ ಇದೆಯೇನೋ, ಅಷ್ಟೊಂದು ಹೇಳ್ತೀಯಲ್ಲ?"

"ಇದೆ ಭಾವ. ಕೇಳಿಸ್ಕೊಂಡೇ ಸ್ಟಾರ್ಟ್ ಆಗೋದು."

"ಹಾಗಾದ್ರೆ ನಮ್ಮ ಮ್ಯಾನೇಜರ್‌ಗಿಂತ ನಿನ್ನ ಮೋಟರೇ ವಾಸಿ ಬಿಡು."

ಮಾರನೆಯ ವರ್ಷ ಕರ್ಫ್ಯೂ ಬಂತು. ಗಡಿಯಲ್ಲಿ ಯುದ್ಧ ಮುಗಿದಿತ್ತು. ಯುದ್ಧಕ್ಕೆಂದು ತಂದ ಲಾರಿಗಳಿಗೆ ಕೆಲಸವಿರಲಿಲ್ಲ. ಅಷ್ಟೊಂದು ಲಾರಿ ಇಟ್ಟುಕೊಂಡ ಸರ್ಕಾರ ಸುಮ್ಮನೆ ಕೂರುತ್ತದೆಯೇ? ಬೆಲೆ ಏರಿತೆಂದು ಜನ ಬೀದಿಗಿಳಿದದ್ದೇ ನೆಪವಾಯಿತು, ಹಸಿರು ಲಾರಿಗಳು ಊರೊಳಗೆ ಬಂದವು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಬಿಟ್ಟರೆ ಪಾಸ್ ಇದ್ದವರಿಗೆ ಮಾತ್ರ ರಸ್ತೆ. ವರ್ಕ್‌ಶಾಪಿನವರಿಗೂ ಅಚ್ಚುಕೂಟದವರಿಗೂ ಪಾಸ್ ಇತ್ತು. ಒಂದು ದಿನ ಹನ್ನೊಂದರ ಹೊತ್ತಿಗೆ ಸೈನ್ಯದ ಹವಾಲ್ದಾರನೊಬ್ಬ ವರ್ಕ್‌ಶಾಪಿನ ಗೇಟಿಗೆ ಬಂದು, ನೀರಿನ ಟ್ಯಾಂಕಿನ ಚೌಕದಲ್ಲಿ ಲಾರಿ ನಿಂತುಹೋಗಿದೆ, ಯಾರಾದರೂ ಬನ್ನಿ ಎಂದ. ದೊಡ್ಡ ಮೇಸ್ತ್ರಿಗೆ ಇದ್ದಕ್ಕಿದ್ದಂತೆ ಸೊಂಟನೋವು ಬಂತು. "ನೀನು ಹೋಗಪ್ಪ, ಮಾತಾಡಿಸಿ ಎಬ್ಬಿಸ್ತೀಯ," ಎಂದು ಹದಿನೆಂಟರ ಹುಡುಗನನ್ನು ಮುಂದೆ ತಳ್ಳಿದ.

ಲಾರಿಯ ಹಿಂಭಾಗಕ್ಕೆ ದಪ್ಪ ಟಾರ್ಪಾಲಿನ್, ಅದನ್ನು ಹೊರಗಿನಿಂದ ಹಗ್ಗ ಪೋಣಿಸಿ ಬಿಗಿಯಾಗಿ ಕಟ್ಟಿತ್ತು. ಪಕ್ಕದಲ್ಲಿ ಬಂದೂಕು ಹಿಡಿದವನೊಬ್ಬ. "ಹಿಂದೆ ನೋಡ್ಬೇಡ, ಮುಂದೆ ಕೆಲಸ ನೋಡು," ಎಂದ ಹವಾಲ್ದಾರ. ಹುಡುಗ ಹಿಂದೆ ನೋಡಲಿಲ್ಲ. ಡೀಸೆಲ್ ಫಿಲ್ಟರಿನಲ್ಲಿ ಕೆಸರು ಕಟ್ಟಿಕೊಂಡಿತ್ತು. ಬಿಚ್ಚಿ, ತೊಳೆದು, ಊದಿ, ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಟ್ಟು, ಎಂದಿನಂತೆ ಬಾಯಿ ಬಿಚ್ಚಿದ. ಇಬ್ಬರು ಸಿಪಾಯಿಗಳು ಬಿದ್ದು ಬಿದ್ದು ನಕ್ಕರು. ಇಪ್ಪತ್ತು ನಿಮಿಷಕ್ಕೆ ಇಂಜಿನ್ ಎದ್ದಿತು. ಹವಾಲ್ದಾರ ಬೆನ್ನು ತಟ್ಟಿ "ಭೇಷ್!" ಎಂದ. ಎರಡನೇ ಗೇರಿನಲ್ಲಿ ಕುಂಯ್ಯೆನ್ನುತ್ತಾ ಲಾರಿ ಊರಾಚೆಯ ಕಲ್ಲುಗಣಿಗೆ ಹೋಗುವ ಕ್ವಾರಿ ರಸ್ತೆಗೆ ತಿರುಗಿತು. ಹುಡುಗ ವಾಪಸು ಬಂದು ಕೆಲಸದ ಪುಸ್ತಕದಲ್ಲಿ ಬರೆದ: ವಾಹನದ ನಂಬರ್ 5704, ಡೀಸೆಲ್ ಫಿಲ್ಟರ್ ಕಟ್ಟಿತ್ತು, ಸರಿಯಾಗಿದೆ. ಸೈನ್ಯದವರ ಕೈಲಾಗದ್ದನ್ನು ತಾನು ಮಾಡಿದೆನೆಂಬ ಜಂಬದಲ್ಲಿ ಊಟಕ್ಕೆ ಮನೆಗೆ ಹೊರಟ. ಭಾವನಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದ.

ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು ಬಂದು ಹೋಗಿದ್ದ. ಯಾರದೋ ಕರಪತ್ರ ಅಲ್ಲಿ ಅಚ್ಚಾಗಿದೆಯೆಂದು ಹತ್ತು ಗಂಟೆಗೆ ಲಾರಿ ಬಂದು ಭಾವನನ್ನೂ ಇನ್ನು ಮೂವರನ್ನೂ ಹತ್ತಿಸಿಕೊಂಡು ಹೋಗಿತ್ತು. ಮೊಳೆಯವನು ಕಿಟಕಿಯಿಂದ ನೋಡಿ ಲಾರಿಯ ನಂಬರನ್ನು ಕರಡಿನ ಚೂರಿನ ಮೇಲೆ ಗೀಚಿಕೊಂಡಿದ್ದ. ಅಕ್ಕ ಆ ಚೂರನ್ನು ತಮ್ಮನ ಮುಂದೆ ಹಿಡಿದಳು.

"ಪುಟ್ಟ, ನೀನು ಲಾರಿಗಳ ಮಧ್ಯೆ ಇರೋನು. ಈ ನಂಬರ್ ಎಲ್ಲಾದ್ರೂ ಕಂಡ್ಯಾ?"

"ಇಲ್ಲಕ್ಕ," ಎಂದ.

ಆ ಒಂದು ಮಾತೇ ಅವನ ಇಡೀ ಬದುಕು ಎಂದರೆ ತಪ್ಪಿಲ್ಲ. ಮೊದಲು ಹೆದರಿ ಸುಳ್ಳು ಹೇಳಿದ. ಬಾಯಿ ಬಿಟ್ಟರೆ ತನ್ನನ್ನೂ ಹತ್ತಿಸಿಕೊಂಡು ಹೋಗುತ್ತಾರೆ, ಅಕ್ಕ ಒಂಟಿಯಾಗುತ್ತಾಳೆ ಎಂದುಕೊಂಡ. ವಾರ ಕಳೆದ ಮೇಲೆ, ಈಗ ಹೇಳಿದರೆ ಅವತ್ತೇ ಏಕೆ ಹೇಳಲಿಲ್ಲ ಎನ್ನುತ್ತಾಳೆ ಎಂದುಕೊಂಡ. ವರ್ಷ ಕಳೆದ ಮೇಲೆ ಆ ಸುಳ್ಳೇ ರೂಢಿಯಾಗಿಹೋಯಿತು. ಇಂದು ನುಂಗಿದ ಸುಳ್ಳು ನಾಳೆಗೆ ಕರಗುತ್ತದೆ ಎಂದುಕೊಳ್ಳುವವರು ಅದನ್ನು ಎಂದೂ ನುಂಗಿ ನೋಡಿದವರಲ್ಲ.

ಭಾವ ಬರಲಿಲ್ಲ. ಅಕ್ಕ ಬರೆದ ಅರ್ಜಿಗಳಿಗೆಲ್ಲ ಒಂದೇ ಉತ್ತರ: ಆ ನಂಬರಿನ ವಾಹನ ನಮ್ಮ ದಾಖಲೆಯಲ್ಲಿಲ್ಲ. ಲಾರಿ ಯಾವ ದಿಕ್ಕಿಗೆ ಹೋಯಿತೆಂದು ಹೇಳುವವರೂ ಇರಲಿಲ್ಲ. ಒಬ್ಬರು ಸ್ಟೇಷನ್ ಕಡೆ ಎಂದರು, ಇನ್ನೊಬ್ಬರು ಕೆರೆ ಕಡೆ ಎಂದರು. ಭಾನುವಾರ ಬಂತೆಂದರೆ ಅಕ್ಕ ಕೆರೆ ದಾರಿಯುದ್ದಕ್ಕೂ ನಡೆದು, ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ತಮ್ಮ ಅವಳ ಕೊಡೆ ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದ. ಮಂಡಿ ಸೋಲುವವರೆಗೆ ನಡೆದಳು. ಕ್ವಾರಿ ರಸ್ತೆಗೆ ಒಮ್ಮೆಯೂ ಹೋಗಲಿಲ್ಲ. ಹೋಗೋಣ ಎಂದು ಅವನು ಅನ್ನಲೂ ಇಲ್ಲ.

ಅವನು ಮದುವೆಯಾಗಲಿಲ್ಲ. ಐವತ್ತು ದಾಟುವ ಹೊತ್ತಿಗೆ ಹಳೇ ಸೈನ್ಯದ ಗಾಡಿಗಳನ್ನು ಹುಡುಕಿ ರಿಪೇರಿ ಮಾಡುವ ಹವ್ಯಾಸಿಗಳ ಬಳಗ ಸೇರಿದ. ಬೀದಿಯವರಿಗೆಲ್ಲ ಆಶ್ಚರ್ಯ. ಭಾವನನ್ನು ನುಂಗಿದ ಲಾರಿಯ ಜಾತಿಯನ್ನೇ ಇವನು ತೊಳೆದು ಒರೆಸಿ ಮುದ್ದಿಸುವುದೆಂದರೇನು! ಅಕ್ಕ ಹಿತ್ತಲಿನ ಶೆಡ್ಡಿಗೆ ಕಾಲಿಡುವುದನ್ನೇ ಬಿಟ್ಟಳು. ಬಳಗವೋ, ಹೇಳಿ ಮಾಡಿಸಿದಂಥದು. ಜೀಪಿನ ಹಲ್ಲು ಡಾಕ್ಟರು, ಪಕ್ಕದಲ್ಲಿ ತೊಟ್ಟಿ ಇರುವ ಮೋಟರ್ ಸೈಕಲ್ಲಿನ ಬೇಕರಿಯವರು, ಮತ್ತೆ ನಾಲ್ಕಾರು ಜನ. ಅಧ್ಯಕ್ಷರು ಭೂಮಾಪನದಲ್ಲಿ ನಿವೃತ್ತರಾದವರು. ಮೀಸೆ ಮಾತ್ರ ಸೇನಾಪತಿಯದು, ಗುಂಡಿನ ಸದ್ದು ಕೇಳಿದ್ದು ಸಿನಿಮಾದಲ್ಲಿ. ಬೋಲ್ಟಿನ ತಲೆ ದುಂಡಗಿತ್ತೋ ಆರು ಮೂಲೆಯದೋ ಎಂದು ಇವರು ಭಾನುವಾರ ಪೂರ್ತಿ ಕಿತ್ತಾಡಿ, ಚಹಾ ಕುಡಿದು ರಾಜಿಯಾಗುತ್ತಿದ್ದರು. ಆ ಗಾಡಿಗಳು ಯಾರ ಮೇಲೆ ಹೋದವು ಎಂದು ಯಾರಾದರೂ ಕೇಳಿದರೆ ಅಧ್ಯಕ್ಷರ ಬಳಿ ಉತ್ತರ ಸಿದ್ಧವಿತ್ತು: "ಯಂತ್ರಕ್ಕೆ ಪಾಪ ಇಲ್ಲ."

ಅವರಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಗಾಡಿ ಸಿಕ್ಕಿದೊಡನೆ ಬಾಗಿಲ ಬಣ್ಣವನ್ನು ಎಮರಿ ಕಾಗದದಿಂದ, ನೀರು ಹಾಕಿ, ಪದರ ಪದರವಾಗಿ ತಿಕ್ಕಬೇಕು. ತಳದಲ್ಲಿ ಯಾವ ನಂಬರ್ ಸಿಕ್ಕುತ್ತದೋ ಅದೇ ಗಾಡಿಯ ನಿಜವಾದ ಹೆಸರು. ಅದನ್ನೇ ಮತ್ತೆ ಬರೆಯಬೇಕು. ಮೇಸ್ತ್ರಿ ಬಳಗ ಸೇರಿದ್ದು ಈ ಪದ್ಧತಿಗಾಗಿ. ಗುಜರಿ ಅಂಗಡಿ, ಹಾಳು ಗೋದಾಮು ಎಂದು ಸುತ್ತಿ ಆ ಮಾದರಿಯ ಹನ್ನೊಂದು ಲಾರಿಗಳ ಬಾಗಿಲು ತಿಕ್ಕಿದ್ದ. ಇಲ್ಲವೆಂದ ಸರ್ಕಾರದ ಮುಂದೆ ಇದೆ ಎಂದು ತೋರಿಸಬೇಕು, ಅಷ್ಟಾದರೂ ಅಕ್ಕನಿಗೆ ಕೊಡಬೇಕು ಎಂಬುದು ಅವನ ಆಸೆ.

ಹನ್ನೆರಡನೆಯದು ಇಟ್ಟಿಗೆ ಗೂಡೊಂದರ ಹಿಂದೆ ಸಿಕ್ಕಿತು. ಬಳಗದ ಹೆಸರಿಗೆ ಅದನ್ನು ಬರೆಸಿಕೊಂಡು ಕೆಲಸಕ್ಕೆಂದು ಮೇಸ್ತ್ರಿಯ ಶೆಡ್ಡಿಗೆ ಎಳೆಸಿದರು. ಹನ್ನೊಂದು ಬಾಗಿಲನ್ನು ಸಿಕ್ಕ ದಿನವೇ ತಿಕ್ಕಿದ್ದವನು ಇದಕ್ಕೆ ಮಾತ್ರ ಎಂಟು ತಿಂಗಳು ಕೈ ಹಾಕಲಿಲ್ಲ. ಮೊದಲು ಇಂಜಿನ್ ಎಂದ, ಆಮೇಲೆ ಗೇರ್ ಬಾಕ್ಸ್ ಎಂದ, ಹೊಸ ಟಾರ್ಪಾಲಿನ್ ಹೊಲಿಸಿದ. ಎರಡನೇ ಗೇರಿನ ಕುಂಯ್‌ಗುಟ್ಟುವಿಕೆಯನ್ನೂ ಹಾಗೆಯೇ ತಂದ. ಆ ಲಾರಿಯ ಮೇಲೆ ಅವನಿಗೆ ಪ್ರೀತಿ ಹುಟ್ಟಿಬಿಟ್ಟಿತ್ತು, ಕಷ್ಟವೆಂದರೆ ಅದು. ಕೊನೆಗೆ ಒಂದು ಮಧ್ಯಾಹ್ನ ಬಕೆಟ್ಟಿನಲ್ಲಿ ನೀರು ತಂದು ಕುಳಿತ. ಮೇಲೆ ಇಟ್ಟಿಗೆ ಗೂಡಿನವರ ನೀಲಿ. ಅದರ ಕೆಳಗೆ ಯಾವುದೋ ಇಲಾಖೆಯ ಹಳದಿ, ಆಮೇಲೆ ಬೂದಿ, ಆಮೇಲೆ ಹಸಿರು. ಹಸಿರಿನ ಮೇಲೆ ಬಿಳಿಯಲ್ಲಿ ಮೊದಲು ನಾಲ್ಕು ಎದ್ದಿತು, ಪಕ್ಕಕ್ಕೆ ತಿಕ್ಕಿದರೆ ಸೊನ್ನೆ. ಅಲ್ಲಿಗೆ ಎಮರಿ ಕಾಗದವನ್ನು ಬಕೆಟ್ಟಿಗೆ ಹಾಕಿ ಎದ್ದುಹೋದ. ಉಳಿದೆರಡನ್ನು ತಿಕ್ಕಲು ಎರಡು ದಿನ ಬೇಕಾಯಿತು.

ಅದೇ ವಾರ ಅಧ್ಯಕ್ಷರು ಮೀಸೆ ತಿರುವುತ್ತಾ ಬಂದರು. ಗಡಿ ಯುದ್ಧ ಗೆದ್ದ ದಿನದ ಮೆರವಣಿಗೆಗೆ ಲಾರಿ ಬೇಕು, ಮಂತ್ರಿಗಳು ಅದರಲ್ಲಿ ನಿಂತು ಕೈ ಬೀಸುತ್ತಾರೆ. ಬಾಗಿಲ ನಂಬರ್ ನೋಡಿ ಅವರ ಮುಖ ಸ್ವಲ್ಪ ಬಾಡಿತು.

"ಇದು ಗಡಿಗೆ ಹೋದ ಪಡೆಯ ನಂಬರ್ ಅಲ್ಲವಲ್ಲ ಮೇಸ್ತ್ರಿ."

"ಅಲ್ಲ. ಇದು ನಮ್ಮ ಬೀದಿಗಳಲ್ಲೇ ಓಡಾಡಿದ್ದು. ಕರ್ಫ್ಯೂನಲ್ಲಿ."

"ಛೇ, ಅದೆಲ್ಲ ಈಗ ಯಾಕೆ? ಗೆದ್ದ ಪಡೆ ನಂಬರ್ ಒಂದು ಹಾಕಿಸಿಬಿಡೋಣ. ಸೋಮವಾರ ಪೇಂಟರನ್ನ ಕಳಿಸ್ತೀನಿ. ಯಾರು ಕೆರೆದು ನೋಡ್ತಾರೆ?"

"ತಳದ ನಂಬರೇ ಬರೀಬೇಕು ಅಂತ ನಿಯಮ ಮಾಡಿದೋರು ನೀವೇ ಅಲ್ವಾ ಸಾರ್?"

"ನಿಯಮ ನಮ್ಮ ನಮ್ಮಲ್ಲಿ. ಮಂತ್ರಿಗಳು ಕರ್ಫ್ಯೂ ಲಾರಿ ಹತ್ತಿದ್ರು ಅಂತ ಪೇಪರ್‌ನಲ್ಲಿ ಬಂದ್ರೆ ಯಾರಪ್ಪ ಉತ್ತರ ಹೇಳೋದು? ಯಂತ್ರಕ್ಕೆ ಪಾಪ ಇಲ್ಲ, ಬಣ್ಣಕ್ಕೂ ಇಲ್ಲ." ಅವರು ಬಾಗಿಲನ್ನು ಕುದುರೆಯ ಕುತ್ತಿಗೆ ತಟ್ಟುವ ಹಾಗೆ ತಟ್ಟಿ ಹೊರಟುಹೋದರು.

ಮೇಸ್ತ್ರಿಗೆ ಸಿಟ್ಟು ಬಂತು. ಆದರೆ ಸಿಟ್ಟಿನ ಅಡಿಯಲ್ಲಿ ಒಂದು ನೆಮ್ಮದಿಯೂ ಮೆಲ್ಲಗೆ ತಲೆಯೆತ್ತಿತು. ಬಳಿದು ಹೋಗಲಿ. ನಂಬರ್ ಮುಚ್ಚಿಹೋದರೆ ತನ್ನ ಸುಳ್ಳೂ ಮುಚ್ಚಿಹೋಗುತ್ತದೆ, ಅಕ್ಕ ಇನ್ನೆಷ್ಟು ವರ್ಷ, ಎಪ್ಪತ್ತೊಂದಾಯಿತು, ತಿಳಿಯದೆಯೇ ಇರಲಿ. ಹೀಗೆ ಯೋಚಿಸಿದ ತನ್ನ ಮೇಲೆ ಅವನಿಗೆ ಎಂಥ ಹೇಸಿಗೆಯಾಯಿತೆಂದರೆ, ಎರಡು ದಿನ ಅನ್ನ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕ ಅಡುಗೆಮನೆಯ ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದಳು. ಅವನು ಹೋಗಿ ಎದುರಿಗೆ ನೆಲದ ಮೇಲೆ ಕುಳಿತ.

"ಅಕ್ಕ, ಐದು ಏಳು ಸೊನ್ನೆ ನಾಲ್ಕು ಸಿಕ್ಕಿದೆ."

ಅವಳ ಕೈಯಲ್ಲಿದ್ದ ಸಿಪ್ಪೆ ಹಾಗೆಯೇ ನಿಂತಿತು. "ಎಲ್ಲಿ?"

"ನಮ್ಮ ಶೆಡ್ಡಲ್ಲಿ ನಿಂತಿದೆ."

ಅವಳ ಕಣ್ಣು ತುಂಬಿತು. ಇಲ್ಲವೆಂದು ನೂರು ಸಲ ಬರೆದು ಕಳಿಸಿದವರ ಮುಖಕ್ಕೆ ಹೊಡೆದಂಥ ಸುದ್ದಿ ಅದು. ಕೈ ಚಾಚಿ ತಮ್ಮನ ತಲೆ ಸವರಿದಳು. "ಅದಕ್ಕೇನಾ ಇಷ್ಟು ವರ್ಷ ಆ ಗುಜರಿಗಳನ್ನೆಲ್ಲ ಸುತ್ತಿದ್ದು? ನಾನು ಏನೇನೋ ಅಂದ್ಕೊಂಡಿದ್ದೆ ಕಣೋ ಪುಟ್ಟ." ಅಲ್ಲಿಗೇ ನಿಲ್ಲಿಸಬಹುದಿತ್ತು. ಒಳ್ಳೆಯ ತಮ್ಮನಾಗಿ ಎದ್ದುಹೋಗಬಹುದಿತ್ತು. ಆದರೆ ತಲೆಯ ಮೇಲಿನ ಆ ಕೈಯನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ. ಟ್ಯಾಂಕಿನ ಚೌಕ, ಫಿಲ್ಟರ್, ಬೆನ್ನು ತಟ್ಟಿದ ಹವಾಲ್ದಾರ, ಕೆಲಸದ ಪುಸ್ತಕ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

ಅಕ್ಕ ಕೈ ಹಿಂತೆಗೆದುಕೊಂಡಳು. ಬಟಾಣಿಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು: "ಯಾವ ಕಡೆ ಹೋಯ್ತು?"

"ಕ್ವಾರಿ ರಸ್ತೆಗೆ."

"ನನ್ನ ಕೊಡೆ ಹಿಡ್ಕೊಂಡು ಕೆರೆ ಕಡೆ ಬರ್ತಿದ್ದೆಯಲ್ಲೋ," ಎಂದಳು. "ವಾರ ವಾರ ಬರ್ತಿದ್ದೆಯಲ್ಲೋ."

ಅವಳು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅವನು ಶೆಡ್ಡಿಗೆ ಹೋಗಿ ಬಿಳಿ ಬಣ್ಣ ಕಲಸಿ, ಬಾಗಿಲ ಮೇಲೆ ಮಾಸಿದ್ದ ಅಂಕಿಗಳನ್ನು ಒಂದೊಂದಾಗಿ ತಿದ್ದಿ ಬರೆದ. ಸೋಮವಾರ ಪೇಂಟರ್ ಬಂದರೂ ಬರಲಿ, ಒಂದು ದಿನವಾದರೂ ಅದು ತನ್ನ ಹೆಸರಿನಲ್ಲಿ ನಿಲ್ಲಲಿ ಎಂದುಕೊಂಡ.

ಭಾನುವಾರ ಒಂಬತ್ತೂವರೆಗೆ ಶೆಡ್ಡಿನ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅಕ್ಕ ನಂಬರನ್ನು ನೋಡಿದಳು, ಹತ್ತಿರ ಬಂದು ಮುಟ್ಟಿದಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಬೆರಳಿಗೆ ಹತ್ತಿತು.

"ನನ್ನ ಹತ್ತಿಸು," ಎಂದಳು.

ಅವನು ಮುಂದಿನ ಸೀಟನ್ನು ಒರೆಸಲು ಹೋದ.

"ಅಲ್ಲಿ ಅಲ್ಲ. ಹಿಂದೆ. ಅಚ್ಚುಕೂಟದಿಂದ ಹೊರಡು."

ಸ್ಟೂಲಿಟ್ಟು, ಮಂಡಿ ನೋವಿಗೆ ಅವಳು ಹಲ್ಲು ಕಚ್ಚುತ್ತಿದ್ದಂತೆ ಎತ್ತಿ, ಮರದ ಬೆಂಚಿನ ಮೇಲೆ ಕೂರಿಸಿದ. ದಿಂಬು ತರಲೇ ಎಂದರೆ ಬೇಡವೆಂದಳು. "ಟಾರ್ಪಾಲಿನ್ ಕಟ್ಟು. ಹೊರಗಡೆಯಿಂದ ಕಟ್ಟು." ಅವನು ಹಗ್ಗ ಪೋಣಿಸಿ ಕಟ್ಟಿದ.

ಅಚ್ಚುಕೂಟವಿದ್ದ ಜಾಗದಲ್ಲಿ ಈಗ ಚಪ್ಪಲಿ ಅಂಗಡಿ. ಅಲ್ಲಿ ಎರಡು ನಿಮಿಷ ನಿಂತು, ಹತ್ತು ಗಂಟೆಗೆ ಹೊರಟರು. ಎರಡನೇ ಗೇರು ಬಿದ್ದು ಲಾರಿ ಕುಂಯ್ಯೆಂದಾಗ ಮಹಡಿಯೊಂದರ ಮೇಲೆ ಬಟ್ಟೆ ಹರವುತ್ತಿದ್ದ ಮುದುಕಿಯೊಬ್ಬಳು ಒದ್ದೆ ಬಟ್ಟೆ ಹಿಡಿದುಕೊಂಡೇ ಒಳಗೆ ಓಡಿದಳು. ಅದನ್ನು ನೋಡಿ ಮೇಸ್ತ್ರಿಗೆ ತಾನು ಅಷ್ಟು ಕಷ್ಟಪಟ್ಟು ಸರಿಪಡಿಸಿದ್ದು ಏನನ್ನು ಎಂದು ಗೊತ್ತಾಯಿತು. ಜೇಬಿನಲ್ಲಿ ಫೋನ್ ಬಡಿದುಕೊಳ್ಳುತ್ತಿತ್ತು. ಬೇಕರಿಯವರು ಲಾರಿ ನೋಡಿ ಅಧ್ಯಕ್ಷರಿಗೆ ಸುದ್ದಿ ಮುಟ್ಟಿಸಿರಬೇಕು. ಬಡಿದುಕೊಳ್ಳಲಿ ಎಂದು ಬಿಟ್ಟ.

ನೀರಿನ ಟ್ಯಾಂಕಿನ ಚೌಕದಲ್ಲಿ, ಅದೇ ಜಾಗದಲ್ಲಿ, ಇಂಜಿನ್ ಆರಿಸಿದ. ಹಿಂದಿನಿಂದ ಅಕ್ಕನ ದನಿ ಬಂತು: "ಅವತ್ತು ಏನು ಮಾಡಿದೆಯೋ ಅದನ್ನ ಮಾಡು."

ಇಳಿದು ಬಾನೆಟ್ ಎತ್ತಿದ. ಫಿಲ್ಟರ್ ಬಿಚ್ಚಿದ, ತೊಳೆದ, ಊದಿದ. ನಲವತ್ತು ವರ್ಷದ ಅಭ್ಯಾಸ, ಕೈ ಆಡಿದಂತೆ ಬಾಯಿಯೂ ತಾನಾಗಿ ಆಡಿತು. "ಏನಮ್ಮಾ, ಉಸಿರು ಕಟ್ತಾ? ಇರು, ಆಯ್ತು, ಆಗೇ ಹೋಯ್ತು. ಬೇಗ ಬಾರಮ್ಮಾ, ಮನೇಲಿ ಅಕ್ಕ ಊಟಕ್ಕೆ ಕಾಯ್ತಾ ಇರ್ತಾಳೆ."

"ಪುಟ್ಟ," ಎಂದಿತು ಟಾರ್ಪಾಲಿನ್ನಿನ ಒಳಗಿನಿಂದ ದನಿ.

"ಏನಕ್ಕ?"

"ಅವತ್ತೂ ಇದೇ ಅಂದ್ಯಾ?"

ಅವನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲಿಗೇ ನಿಂತಿತು. "ಹೂಂ."

"ಇಲ್ಲಿಗೆ ಎಲ್ಲ ಕೇಳತ್ತೆ ಕಣೋ. ಒಂದೊಂದು ಮಾತೂ ಕೇಳತ್ತೆ."

ಚೌಕದಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಪಕ್ಕದಿಂದ ಹೋಯಿತು. ಮೇಸ್ತ್ರಿ ಬಾನೆಟ್ಟಿನ ಅಂಚು ಹಿಡಿದು ನಿಂತಿದ್ದ. ಇಪ್ಪತ್ತು ನಿಮಿಷ ಅವನು ಮಾತಾಡಿದ್ದ. ಸಿಪಾಯಿಗಳು ನಕ್ಕಿದ್ದರು. ಹಿಂದಿನಿಂದ ಯಾರೂ ಕೂಗಿರಲಿಲ್ಲ, ಕೆಮ್ಮಿಯೂ ಇರಲಿಲ್ಲ.

"ಕೂಗಲಿಲ್ಲ ಅವರು," ಎಂದಳು ಅಕ್ಕ. "ಕೂಗಿದ್ರೆ ಸಿಪಾಯಿಗಳು ನಿನ್ನೂ ಹತ್ತಿಸ್ಕೊಂಡು ಹೋಗ್ತಿದ್ರು." ಮೂಗು ಒರೆಸಿಕೊಂಡ ಸದ್ದಾದ ಮೇಲೆ, ಕೋಲಿನಿಂದ ಮುಂದಿನ ತಗಡಿಗೆ ಎರಡು ಸಲ ಬಡಿದಳು. "ಸ್ಟಾರ್ಟ್ ಮಾಡು. ಕ್ವಾರಿ ರಸ್ತೆ ಎಲ್ಲಿವರೆಗೆ ಹೋಗತ್ತೋ ನೋಡ್ಬೇಕು ನಾನು."

ಅವನು ಫಿಲ್ಟರನ್ನು ಜಾಗಕ್ಕೆ ಕೂರಿಸಿದ, ಬೋಲ್ಟ್ ಬಿಗಿದ, ಗಾಳಿ ಬಿಟ್ಟ. ಆ ಇಂಜಿನ್ನಿಗೆ ಒಂದು ಮಾತೂ ಹೇಳಲಿಲ್ಲ.